ರೊಟ್ಟಿ ತಿರುಗಿಸುವ ಹೊತ್ತು

ಬಿರುಕು ಬಿಟ್ಟಿದೆಯೇ, ಇಲ್ಲ, ಅದು ಕಿಟಕಿಯ ಕಂಬಿಯ ನೆರಳು, ರೊಟ್ಟಿಯ ಮೇಲೆ ಅಡ್ಡ ಬಿದ್ದಿದೆ ಅಷ್ಟೆ, ವೆಸೆಲಿನ್ ಬಗ್ಗಿ ಮತ್ತೊಮ್ಮೆ ನೋಡಿದ, ಹಿಟ್ಟಿನಲ್ಲೇ ಮಾಡಿ ಅಂಟಿಸಿದ ಹಕ್ಕಿಯ ಕೊಕ್ಕು ಸ್ವಲ್ಪ ಕರಕಲಾಗಿದೆ, ಇರಲಿ, ಹಕ್ಕಿ ಅಂದರೆ ಹಕ್ಕಿ, ಮಗಳು ದೂನ್ಯಾ ಮಾತ್ರ ಅದನ್ನು ಕೋಳಿ ಅಂದಳು — ಅಪ್ಪಾ, ಈ ಕೋಳಿ ಯಾಕೆ ಮಲ್ಕೊಂಡಿದೆ — ಸುಸ್ತಾಗಿದೆ ಮಗಾ ಅದಕ್ಕೆ, ನಸುಕಿನಿಂದ ಸ್ಲಾವಾ ಕೆಲಸ ಮಾಡ್ತಿದೆ. ಸ್ಲಾವಾ ಅಂದರೆ ಮನೆ ಕಾಯುವ ಸಂತನ ದಿನ, ಈ ಮನೆಗೆ ಸಂತ ದಿಮಿತ್ರಿ, ಅಪ್ಪನಿಗೂ ಅಜ್ಜನಿಗೂ ಅವನೇ, ಇವತ್ತು ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಂದವರನ್ನು ಬೇಡ ಅನ್ನುವ ಹಾಗೂ ಇಲ್ಲ, ಹಾಗಾಗಿ ಒಳಗೆ ಇಣುಕಬೇಕು ಅಂತ ವರ್ಷವಿಡೀ ಕಾದವರೆಲ್ಲ ಇವತ್ತು ಧಾರಾಳವಾಗಿ ಬಂದು ಇಣುಕುತ್ತಾರೆ. ಸಂತನಿಗೆ ಮಾಡುವ ಈ ದಪ್ಪ ದುಂಡು ರೊಟ್ಟಿ ನಾದುವುದು ಮನೆಯೊಡತಿಯ ಕೆಲಸ, ಗಂಡಸು ಆ ಹಿಟ್ಟಿಗೆ ಕೈ ಹಾಕಿದ್ದನ್ನು ಈ ಊರು ಕಂಡಿಲ್ಲ, ಪಕ್ಕದ ಮನೆಯ ಕೋಸಾನಾ ಅಜ್ಜಿ ಬೇಲಿಯಾಚೆಯಿಂದಲೇ ಕೂಗಿದ್ದಳು — ನಾನು ನಾದಿ ಕೊಡ್ತೀನಿ ಕಣೋ, ಸಂತ ಮುನಿಸ್ಕೊಂಡಾನು — ಮುನಿಸಿಕೊಳ್ಳುವುದಾದರೆ ಅವನಿಗೆ ಬೇಕಾದಷ್ಟು ಕಾರಣಗಳಿದ್ದವು, ಹಿಟ್ಟೇ ಆಗಬೇಕಿತ್ತೇ. ಹೆಂಡತಿ ನೆವೆನಾ ಗಾಲಿಕುರ್ಚಿಯಿಂದ ಎಡಗೈ ಚಾಚಿ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿದ್ದಳು, ಇನ್ನೂ ನಾದು, ಇನ್ನೂ — ಅವಳ ಮಾತು ಈಗ ಒಂದೊಂದೇ ಬರುತ್ತದೆ, ನಡುವೆ ಉಸಿರು, ಆದರೆ ಯಜಮಾನಿಕೆ ಒಂದು ಚೂರೂ ಕಮ್ಮಿಯಾಗಿಲ್ಲ. ಚಿಕ್ಕವನು ವೂಕಾನ್ ಹುಟ್ಟಿದ ವಾರವೇ ಅವಳಿಗೆ ಲಕ್ವ ಹೊಡೆದದ್ದು, ಬಲಗಾಲು ಹೋಯಿತು, ಬಲಗೈ ಮುಷ್ಟಿ ಕಟ್ಟಿಕೊಂಡಿತು, ದಿನಾ ಬೆಳಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಆ ಮುಷ್ಟಿಯನ್ನಿಟ್ಟು ವೆಸೆಲಿನ್ ಒಂದೊಂದೇ ಬೆರಳು ಬಿಡಿಸುತ್ತಾನೆ, ಉಗುರು ಅಂಗೈಗೆ ಚುಚ್ಚದ ಹಾಗೆ ಕತ್ತರಿಸುತ್ತಾನೆ, ಒರೆಸುವಷ್ಟರಲ್ಲಿ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಬಂದವರು ಎಲ್ಲವನ್ನೂ ಮುಟ್ಟಿ ನೋಡುತ್ತಾರೆ, ಕುರ್ಚಿಯ ಗಾಲಿ, ಹೊದಿಕೆ, ಔಷಧಿ ಬಾಟಲು, ಆ ಕೈಯೊಂದನ್ನು ಬಿಟ್ಟು.

ಅಕ್ಕ ವಿದಾ ಬೆಳಗಿನ ಬಸ್ಸಿಗೇ ಬಂದಿದ್ದಾಳೆ, ಕೋಟು ಬಿಚ್ಚಿಲ್ಲ, ಪಾತ್ರೆ ಕಪಾಟಿನ ಮೇಲೆ ಬೆರಳಾಡಿಸಿ ಬೆರಳು ನೋಡಿಕೊಂಡಳು, ಪರದೆ ಸರಿಮಾಡಿದಳು, ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸುವ ಸರ್ಮಾ ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು, ಎಲೆಕೋಸು ಇನ್ನೂ ಬೇಯ್ಬೇಕು ಅಂದಳು, ಹೌದು, ಬೇಯಬೇಕು, ಅವಳು ಹೇಳುವುದು ಎಂದೂ ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಅವಳು ಊಟಕ್ಕಷ್ಟೇ ಬಂದವಳಲ್ಲ. ದೂನ್ಯಾಳನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಾಳಂತೆ, ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದಾಳೆ, ಶಾಲೆಯಲ್ಲಿ ಮಾತಾಡಿದ್ದಾಳೆ, ಸ್ಲಾವಾ ಮುಗೀಲಿ, ಸಾಯಂಕಾಲದ ಬಸ್ಸಿಗೆ ಹೊರಡ್ತೀವಿ ಅಂತ ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಳು — ಆ ಮಗು ಅಮ್ಮನ ಬಾಯಿ ಒರೆಸ್ತಿದೆ ಕಣೋ ವೆಸೋ, ಅಮ್ಮ ಅಲ್ವಾ ಮಗೂದು ಒರೆಸ್ಬೇಕಾದ್ದು, ಊರೆಲ್ಲ ಏನಂತಿದೆ ಗೊತ್ತಾ — ಗೊತ್ತು ಅಕ್ಕಾ, ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರಲಿ. ಊರು ಅವನನ್ನು ಬಯ್ಯುವುದೂ ಇಲ್ಲ, ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ, ಊರು ಹೊಗಳುತ್ತದೆ, ಔಷಧಿ ಅಂಗಡಿಯ ಸಾಲಿನಲ್ಲಿ ನೆವೆನಾಳ ನೆತ್ತಿಯ ಮೇಲಿಂದಲೇ ಹೇಳುತ್ತದೆ, ನೀನು ಸಂತ ಕಣಪ್ಪ, ಬೇರೆ ಯಾರಾದ್ರೂ ಆಗಿದ್ರೆ ಬಿಟ್ಟು ಓಡಿಹೋಗ್ತಿದ್ರು, ಇವಳು ಪುಣ್ಯ ಮಾಡಿದ್ಲು — ಅವನು ಸಂತನಾದರೆ ಅವಳೇನು, ಹೊತ್ತು ತಿರುಗಬೇಕಾದ ಶಿಲುಬೆಯೇ, ಕೇಳಬೇಕು ಅನಿಸುತ್ತದೆ, ಕೇಳುವುದಿಲ್ಲ, ಮಾತ್ರೆಯ ಪೊಟ್ಟಣ ಜೇಬಿಗೆ ಹಾಕಿಕೊಂಡು ಕುರ್ಚಿ ತಳ್ಳುತ್ತಾನೆ. ಅವನಿಗೆ ಅಕ್ಕನ ಮೇಲೆ ಸಿಟ್ಟಿಲ್ಲ, ಅಮ್ಮ ತೀರಿಕೊಂಡಾಗ ಇನ್ನೂ ಲಂಗದ ಹುಡುಗಿ ಅವಳು, ಒಲೆ ಮುಂದೆ ನಿಂತಳು, ರೊಟ್ಟಿ ನಾದಿದಳು, ಅವನ ಮೂಗು ಒರೆಸಿದಳು, ಅವಳಿಗೆ ಬಾಲ್ಯ ಅಂತ ಒಂದು ಇರಲಿಲ್ಲ, ಅದು ದೂನ್ಯಾಳಿಗಾದರೂ ಇರಲಿ ಅಂತ ಬಂದಿದ್ದಾಳೆ, ಭಯ ಇರುವುದೇ ಅಲ್ಲಿ, ಅವಳು ಹೇಳುತ್ತಿರುವುದು ಸರಿಯೇ ಇರಬಹುದಲ್ಲ. ನಿನ್ನೆ ದೂನ್ಯಾ ಗೊಂಬೆಗೆ ಹೇಳುತ್ತಿದ್ದಳು, ಅಳ್ಬೇಡ, ನಂಗೆ ಪುರುಸೊತ್ತಿಲ್ಲ — ಅವನು ಬಾಗಿಲ ಹಿಂದೆ ನಿಂತು ಕೇಳಿದ. ರಾತ್ರಿ ಅದನ್ನು ನೆವೆನಾಳಿಗೆ ಹೇಳಿದ, ಕಳಿಸೋಣವಾ ಅಂತಲೂ ಕೇಳಿದ, ಅವಳು, ನಾನೇ ಹೇಳ್ತೀನಿ, ವಿದಾಗೆ, ನೀನು ಬಾಯಿ, ಹಾಕ್ಬೇಡ ಅಂದಳು, ಏನು ಹೇಳುತ್ತೀ ಅಂದರೆ ಕಣ್ಣು ಮುಚ್ಚಿಕೊಂಡಳು, ಮಲಗಿದಳೋ ನಟಿಸಿದಳೋ, ಮುಷ್ಟಿ ಹೊದಿಕೆಯ ಮೇಲಿತ್ತು. ಅಕ್ಕ ಈಗ ಅವನನ್ನೇ ಕೇಳುತ್ತಿದ್ದಾಳೆ, ಇವಳಿಗೆ ಸೂಪ್ ಕೊಟ್ಯಾ, ಇವಳಿಗೆ ಚಳಿ ಆಗ್ತಿಲ್ವಾ — ಇವಳು ಎದುರಿಗೇ ಕೂತಿದ್ದಾಳೆ ಅಕ್ಕಾ, ಇವಳನ್ನೇ ಕೇಳು — ಅಯ್ಯೋ, ಕೇಳಿದ್ರೆ ಪಾಪ ಸುಸ್ತಾಗ್ತಾಳೆ — ನೆವೆನಾ ಕಿಟಕಿಯ ಕಡೆ ನೋಡುತ್ತಾಳೆ, ತುಟಿಯ ಒಂದು ಕೊನೆಯಲ್ಲಿ ನಗುತ್ತಾಳೆ, ಇನ್ನೊಂದು ಕೊನೆ ಈಗ ನಗುವುದಿಲ್ಲ.

ಪಾದ್ರಿ ಸಾವಾ ಬಂದರು, ಬೂಟಿನ ಕೆಸರು ಕೊಡವಿದರು, ಹಿಂದೆಯೇ ಕೋಸಾನಾ ಅಜ್ಜಿ, ರೊಟ್ಟಿಯನ್ನು ಕಣ್ಣಲ್ಲೇ ಕೊರೆದು ನೋಡಿದಳು, ಏನೂ ಸಿಗಲಿಲ್ಲ, ಹಕ್ಕಿ ಕರ್‍ರಗಾಗಿದೆಯಲ್ಲೋ ಅಂದಳು, ಕಾಗೆ ಇರಬಹುದು ಬಿಡಮ್ಮ, ಅದೂ ದೇವರದ್ದೇ ಅಂದರು ಪಾದ್ರಿ. ಮೇಣದಬತ್ತಿ ಹಚ್ಚಿದ್ದಾಯಿತು, ಧೂಪದ ಹೊಗೆಗೆ ವೂಕಾನ್ ಸೀನಿದ, ಪ್ರಾರ್ಥನೆ ನಡೆಯಿತು, ಪಾದ್ರಿ ರೊಟ್ಟಿಯನ್ನು ಬೋರಲು ಹಾಕಿ ಶಿಲುಬೆಯಂತೆ ಕುಯ್ದು ಕೆಂಪು ದ್ರಾಕ್ಷಾರಸ ಸುರಿದರು, ಇನ್ನು ಅದನ್ನು ಚಕ್ರದ ಹಾಗೆ ತಿರುಗಿಸುವುದು, ಮನೆಯವರೆಲ್ಲ ಸುತ್ತ ನಿಂತು ಕೈ ಹಚ್ಚಬೇಕು, ಒಂದು ಕಡೆ ಪಾದ್ರಿ, ಅವರೆದುರಿಗೆ ಮನೆಯೊಡೆಯ, ಪಕ್ಕದಲ್ಲಿ ಒಡತಿ, ಹೋದ ವರ್ಷ ನೆವೆನಾ ಆಸ್ಪತ್ರೆಯಲ್ಲಿದ್ದಳು, ಈ ವರ್ಷ ಇಲ್ಲಿದ್ದಾಳೆ, ಎಲ್ಲರ ಬೆನ್ನ ಹಿಂದೆ, ಒಲೆಯ ಪಕ್ಕ, ಅಲ್ಲಿಂದ ಅವಳಿಗೆ ಕಾಣುವುದು ಕೋಟುಗಳ ಹಿಂಭಾಗ. ಅಕ್ಕ ಸಹಜವಾಗಿ ಎರಡು ಹೆಜ್ಜೆ ಮುಂದೆ ಬಂದು ಅವನ ಪಕ್ಕ ನಿಂತಳು, ಒಡತಿ ಜಾಗ ಖಾಲಿ ಬಿಡಬಾರದು ವೆಸೋ, ಅಂದಳು, ಕೆಟ್ಟ ಮನಸ್ಸಿನಿಂದಲ್ಲ, ಹುಡುಗಿಯಾಗಿದ್ದಾಗ ನಿಂತ ಜಾಗಕ್ಕೆ ಕಾಲೇ ಅವಳನ್ನು ತಂದು ನಿಲ್ಲಿಸಿತು ಅಷ್ಟೆ, ಆದರೆ ಅವನಿಗೆ ತಟ್ಟನೆ ಇಡೀ ಮುಂದಿನದೆಲ್ಲ ಕಂಡಿತು, ಮೊದಲು ಈ ಜಾಗ, ಆಮೇಲೆ ಮಗಳು, ಆಮೇಲೆ ವೂಕಾನ್, ಆಮೇಲೆ ಒಲೆಯ ಪಕ್ಕ ಒಂದು ಕುರ್ಚಿ ಮಾತ್ರ. ಬಾಯಿ ಹಾಕಬೇಡ ಅಂದಿದ್ದಾಳೆ ನೆವೆನಾ. ಬಾಯಿ ಹಾಕಲಿಲ್ಲ, ರೊಟ್ಟಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡ, ಕೊಡಿ ಫಾದರ್ ಅಂದ, ರಸ ತೊಟ್ಟಿಕ್ಕುತ್ತಾ ಒಲೆಯ ಬಳಿಗೆ ನಡೆದು, ನೆವೆನಾಳ ಮುಂದೆ ಮಂಡಿಯೂರಿ ಅವಳ ತೊಡೆಯ ಮೇಲೆ ಹಿಡಿದ.

ಸಂತ ಏನಂದುಕೊಂಡನೋ, ಪಾದ್ರಿ ಗಡ್ಡ ಕೆರೆದುಕೊಂಡರು, ನಿಲುವಂಗಿ ಎತ್ತಿಕೊಂಡು ಒಂದು ಮಂಡಿ ಊರಿದರು, ಆಮೇಲೆ ಇನ್ನೊಂದು, ಎಬ್ಬಿಸೋಕೆ ಮಾತ್ರ ಯಾರಾದ್ರೂ ಬೇಕಪ್ಪಾ ಅಂದರು, ಕೋಸಾನಾ ಅಜ್ಜಿ ಒಲೆಯ ಕಂಬಿ ಹಿಡಿದು ಮುಲುಗುತ್ತಾ ಇಳಿದಳು, ಮಕ್ಕಳು ಸಂಭ್ರಮದಿಂದ ಕುಕ್ಕರಿಸಿದರು, ಅಕ್ಕ ಒಬ್ಬಳೇ ನಿಂತಿದ್ದಾಳೆ, ಕೈಚೀಲ ಎದೆಗವಚಿಕೊಂಡು, ದೂನ್ಯಾ ಪಕ್ಕಕ್ಕೆ ಸರಿದು, ಅತ್ತೆ, ಇಲ್ಲಿ ಜಾಗ ಇದೆ ಬಾ ಅಂದಳು. ಅಕ್ಕನ ಮಂಡಿ ನೆಲಕ್ಕೆ ತಾಗಿದ ಸದ್ದು. ಈಗ ಎಲ್ಲರ ಮುಖವೂ ನೆವೆನಾಳ ಮುಖದ ಮಟ್ಟಕ್ಕೆ ಬಂದಿದೆ, ನೆತ್ತಿಯ ಮೇಲಿಂದ ಮಾತಾಡುತ್ತಿದ್ದವರ ಕಣ್ಣುಗಳನ್ನು ಅವಳು ಒಂದೊಂದಾಗಿ ನೋಡುತ್ತಿದ್ದಾಳೆ, ಅಕ್ಕನ ಕಣ್ಣಿಗೆ ಬಂದು ನೋಟ ನಿಲ್ಲಿಸಿದಳು — ವಿದಾ, ಅಂದಳು, ಉಸಿರು, ಕೋಣೆ, ಚೆನ್ನಾಗಿರುತ್ತೆ, ನಿಮ್ಮದು, ಉಸಿರು, ದೂನ್ಯಾ, ರಜೆಗೆ ಬರ್ತಾಳೆ, ಉಸಿರು, ಮನೆ, ಇದು, ಅವಳ ಅಮ್ಮ, ನಾನು. ಅಷ್ಟು ಮಾತು ಅವಳು ಒಟ್ಟಿಗೆ ಆಡಿದ್ದು ಯಾವಾಗ, ನೆನಪಿಲ್ಲ, ಅವನ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಖಾಲಿಯಿಲ್ಲ, ಪಾದ್ರಿ ಹಾಡಲು ಶುರುಮಾಡಿದರು, ರೊಟ್ಟಿ ತಿರುಗಿತು, ಪಾದ್ರಿಯ ಹಳದಿ ಬೆರಳು, ಅಜ್ಜಿಯ ಗಂಟುಗಂಟು ಬೆರಳು, ಉಗುರಲ್ಲಿ ಹಿಟ್ಟು ಉಳಿದ ದೂನ್ಯಾಳದು, ಅಂಟಂಟು ವೂಕಾನನದು, ಅಕ್ಕನ ಬಣ್ಣ ಹಚ್ಚಿದ ಉಗುರುಗಳು, ಅಡಿಯಲ್ಲಿ ನೆವೆನಾಳ ಎಡಗೈ, ಬಲಗಡೆ ಆ ಮುಷ್ಟಿ, ರೊಟ್ಟಿ ಅದರ ಮೇಲೆ ನಿಲ್ಲುತ್ತಿಲ್ಲ, ಜಾರುತ್ತಿದೆ, ಜಾರಿದರೆ, ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ, ಹಿಡಿಯಬೇಕು, ಅವನ ಕೈ ಈ ಕಡೆ ಇದೆ — ಆಯ್ತು ನೆವೆನಾ, ಅಂದಳು ಅಕ್ಕ, ಮೆಲ್ಲಗೆ, ಅವಳ ಮುಖ ನೋಡಿಯೇ, ಬಣ್ಣದ ಉಗುರಿನ ಕೈ ರೊಟ್ಟಿಯ ಅಂಚು ಬಿಟ್ಟು ಕೆಳಗಿಳಿಯಿತು, ಆ ಮುಷ್ಟಿಯನ್ನು ಅಡಿಯಿಂದ ಹಿಡಿದು ಎತ್ತಿಕೊಟ್ಟಿತು, ಹಿಡಿದೇ ಇತ್ತು, ಹಾಡು ನಡೆಯುತ್ತಿತ್ತು, ಅವನಿಗೆ ಕೇಳಿಸುತ್ತಿರಲಿಲ್ಲ, ಆ ಮುಷ್ಟಿ, ಅಕ್ಕನ ಅಂಗೈಯಲ್ಲಿ ಆ ಮುಷ್ಟಿ, ರಸ ತೊಟ್ಟಿಕ್ಕಿ ಎರಡೂ ಕೆಂಪಾಗಿ, ಅಕ್ಕನ ಅಂಗೈಯಲ್ಲಿ ಆ ಮುಷ್ಟಿ —