ಬೆನ್ನ ಹಿಂದಿನ ಬಗ್ಗಿ

ಮನೋಹರ್ ಎರಡೂ ಬಗ್ಗಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಹೆಣ್ಣು ತೋರಿಸುವ ಮನೆಯವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಶಂಕರಪುರದ ಹಳೇ ಮನೆಯೊಂದರ ಮುಂದಿನ ಕೋಣೆಯೇ ಅವನ ಅಂಗಡಿ. ರಿಮೋಟಿನಲ್ಲಿ ಓಡುವ ಇಂಥ ಪುಟ್ಟ ರೇಸ್ ಗಾಡಿಗಳನ್ನು ಮಾರುತ್ತಾನೆ, ರಿಪೇರಿ ಮಾಡುತ್ತಾನೆ, ಭಾನುವಾರ ಬಸವನಗುಡಿಯ ಕ್ಲಬ್ಬಿನಲ್ಲಿ ತಾನೂ ರೇಸ್ ಓಡಿಸುತ್ತಾನೆ. ಅವನ್ನು ಯಾರಾದರೂ ಆಟದ ಸಾಮಾನು ಎಂದರೆ ಮುಖ ಗಂಟಿಕ್ಕಿಕೊಳ್ಳುತ್ತಾನೆ.

"ಎರಡೂ ಫೋರ್ ವೀಲ್ ಡ್ರೈವ್, ಮೇಡಂ. ನಾಲ್ಕು ಚಕ್ರನೂ ಎಳೀತವೆ, ಮಣ್ಣಲ್ಲಿ ಕಚ್ಕೊಂಡು ಹೋಗುತ್ತೆ. ಇದು ಇಂಜಿನ್ನಿಂದು, ಎಣ್ಣೆ ಹಾಕ್ಬೇಕು. ಅದು ಬ್ಯಾಟರಿದು. ನನ್ನ ಕೇಳಿದ್ರೆ ಕಣ್ಮುಚ್ಕೊಂಡು ಬ್ಯಾಟರಿದು ತಗೊಳ್ಳಿ. ಇಂಜಿನ್ ಕಾಲ ಮುಗೀತು."

ವಿಶಾಖಾ ಬ್ಯಾಟರಿ ಬಗ್ಗಿಯನ್ನು ಎರಡೂ ಕೈಯಿಂದ ಎತ್ತಿದಳು. ಮೊಳದುದ್ದದ ಗಾಡಿ, ಮೂರೂವರೆ ಕೆಜಿ ತೂಕ. ನೆಲದ ಮೇಲಿಟ್ಟು ತನ್ನ ಕಾಲಿನ ಪಕ್ಕಕ್ಕೆ ಸರಿಸಿದಳು. ಬಂಪರ್ ಸರಿಯಾಗಿ ಕಣಕಾಲಿನ ಗಂಟಿಗೆ ಬಂತು.

"ಸ್ಪೀಡ್ ಎಷ್ಟು?"

"ನೆಟ್ಟಗೆ ಜಾಗ ಸಿಕ್ಕಿದ್ರೆ ಅರವತ್ತು ದಾಟುತ್ತೆ."

"ಸದ್ದು?"

"ಸದ್ದೇ ಇಲ್ಲ," ಎಂದ ಹೆಮ್ಮೆಯಿಂದ. "ಸೊಳ್ಳೆ ಹಾಡ್ದಂಗೆ. ಅಕ್ಕಪಕ್ಕದ ಮನೆಯೋರು ಸ್ಟೇಷನ್‌ಗೆ ಹೋಗ್ತೀವಿ ಅಂದ್ಮೇಲೆ ಕ್ಲಬ್ಬಲ್ಲಿ ಎಲ್ರೂ ಇದಕ್ಕೇ ಬಂದ್ಬಿಟ್ರು."

"ಇಂಜಿನ್ನಿಂದು ಎಷ್ಟು ದೂರಕ್ಕೆ ಕೇಳುತ್ತೆ?"

ಮನೋಹರ್ ನಕ್ಕ. "ಸದ್ದು ನೋಡಿ ಗಾಡಿ ತಗೊಳ್ಳೋರನ್ನ ಇದೇ ಮೊದಲು ನೋಡ್ತಿರೋದು. ನಾದಸ್ವರ ತಗೋಬೇಕಿತ್ತು ನೀವು."

ವಿಶಾಖಾ ನಗುವ ಹಾಗೆ ಮಾಡಿದಳು. ಕ್ಲಬ್ಬಿನ ಟ್ರ್ಯಾಕಿನ ನಡುವೆ ನಿಲ್ಲುವ ಮುದುಕ, ಇದೇ ಮನೋಹರ್ ಕೂಡ 'ಮುನಿ' ಎಂದು ಕೂಗುವ ಮುದುಕ, ತನ್ನ ಅಪ್ಪ ಎಂದು ಅವನಿಗೆ ಹೇಳುವಂತಿರಲಿಲ್ಲ.

ಮುನಿರಾಮಪ್ಪ ಮೂವತ್ತೊಂದು ವರ್ಷ ಚಾಮರಾಜಪೇಟೆಯ ರಸ್ತೆಗಳನ್ನು ಗುಡಿಸಿದವನು. ನಿವೃತ್ತನಾದ ಮೇಲೆ ಕ್ಲಬ್ಬಿನ ಅಧ್ಯಕ್ಷ ಮರಿಯಣ್ಣ ಅವನನ್ನು ಟ್ರ್ಯಾಕಿನ ಮಣ್ಣಿಗೆ ನೀರು ಹಾಕಲು ಕರೆಸಿಕೊಂಡ. ಜಾಗವೂ ಮರಿಯಣ್ಣನದೇ, ಹಳೇ ಛತ್ರ ಕೆಡವಿದ ಖಾಲಿ ನಿವೇಶನ. ನೀರು ಹಾಕುವುದು ಗುಡಿಸುವುದಾಯಿತು, ಗುಡಿಸುವುದು ತಿರುವಿನಲ್ಲಿ ನಿಂತು ಮಗುಚಿದ ಬಗ್ಗಿಗಳನ್ನು ಎತ್ತಿ ನಿಲ್ಲಿಸುವುದಾಯಿತು. ಆ ಕೆಲಸಕ್ಕೆ ಮಾರ್ಷಲ್ ಎಂಬ ದೊಡ್ಡ ಹೆಸರಿದೆ. ಬೇರೆಲ್ಲ ಕಡೆ ಒಂದು ಪದ್ಧತಿಯೂ ಇದೆ: ಈ ರೇಸ್ ಓಡಿಸಿದವರು ಮುಂದಿನ ರೇಸಿಗೆ ಟ್ರ್ಯಾಕಿಗಿಳಿದು ನಿಲ್ಲಬೇಕು, ಯಾರೇ ಆಗಲಿ. ಬಸವನಗುಡಿಗೆ ಬರುವಷ್ಟರಲ್ಲಿ ಹೆಸರು ಉಳಿದು ಪದ್ಧತಿ ಎಲ್ಲೋ ಬಿದ್ದುಹೋಯಿತು. ನೆಲಕ್ಕೆ ಬಗ್ಗುವ ಕೆಲಸವೊಂದು ಎದುರಾದರೆ ಈ ಊರಿಗೆ ಯಾವ ಕೇರಿಯ ನೆನಪಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ಲಬ್ಬಿನವರು ಬಿಸಾಡಿದ ಮುರುಕು ಬಗ್ಗಿಯೊಂದನ್ನು ಮುನಿರಾಮಪ್ಪ ಮನೆಗೆ ತಂದಿದ್ದ. ವಿಶಾಖಾ ವಿದ್ಯುತ್ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್. ಎರಡು ವಾರ ಕೂತು ಬೆಸುಗೆ ಹಾಕಿ ಅದನ್ನು ಓಡಿಸಿಯೇಬಿಟ್ಟಳು. ಅಲ್ಲಿಂದ ಹುಚ್ಚು ಹತ್ತಿತು, ಅವಳಿಗಿಂತ ಅಪ್ಪನಿಗೆ ಹೆಚ್ಚು. ಮಗಳು ಕ್ಲಬ್ ಸೇರಬೇಕು, ಗೆಲ್ಲಬೇಕು. ಯಾವ ಗಾಡಿ ಅಂಗಾತ ಬೀಳುತ್ತದೆ, ಯಾವುದರ ಮೂಗು ಭಾರ ಎಂದು ಅಲ್ಲಿನ ಒಬ್ಬೊಬ್ಬರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಎತ್ತುವವನಲ್ಲವೇ.

"ಮನೋಹರನ ಹತ್ರ ನೀಲಿ ಬ್ಯಾಟರಿ ಗಾಡಿ ಐತೆ, ಅದನ್ನೇ ತಗೊ ಮಗ. ತೂಕ ಎಲ್ಲ ಹೊಟ್ಟೇಲಿ ಕೂತೈತೆ, ಬೀಳಲ್ಲ," ಎಂದಿದ್ದ. ಜೊತೆಗೊಂದು ಮಾತು: "ಅಲ್ಲಿ ನನ್ನ ಅಪ್ಪ ಅನ್ಬೇಡ. ನಿಂಗೆ ಬೆಲೆ ಇರಲ್ಲ."

ಎರಡು ಭಾನುವಾರ ಬೇಲಿಯಾಚೆ ನಿಂತು ನೋಡಿದ್ದಳು. ಎರಡು ಭಾನುವಾರವೂ ಅಪ್ಪ ಓಡುವ ಗಾಡಿಗಳಿಗೆ ಬೆನ್ನು ಕೊಟ್ಟು ಬಗ್ಗುವುದನ್ನು ಕಂಡಿದ್ದಳು. ಅದು ಗುಡಿಸುವವನ ಬೆನ್ನು. ಬಸ್ಸು, ಲಾರಿ, ಆಟೋ ಯಾವುದೇ ಬರಲಿ, ಮೂವತ್ತೊಂದು ವರ್ಷ ಕಿವಿಯಲ್ಲೇ ಅಳೆದು ಪಕ್ಕಕ್ಕೆ ಸರಿದವನು. ತಿರುಗಿ ನೋಡುತ್ತ ಕೂತರೆ ಬೀದಿ ಮುಗಿಯುವುದು ಯಾವಾಗ? ಅದಕ್ಕೇ ಅವಳು ಮನೋಹರನನ್ನು ಸದ್ದಿನ ಬಗ್ಗೆ ಕೇಳಿದ್ದು.

"ಎರಡು ದಿನ ಇಟ್ಕೊಂಡು ಓಡ್ಸಿ ನೋಡಿ," ಎಂದು ಮನೋಹರ್ ನೀಲಿ ಬಗ್ಗಿಯನ್ನು ಡಬ್ಬಕ್ಕೆ ಹಾಕಿಕೊಟ್ಟ. "ಭಾನುವಾರ ಕ್ಲಬ್ಬಲ್ಲಿ ನಿಮ್ಮ ಟ್ರಯಲ್ಲು. ಹೆಸರು ಬರ್ಸಿದೀನಿ."

ಶನಿವಾರ ಮಧ್ಯಾಹ್ನ ಮನೆಯ ಓಣಿ ಖಾಲಿಯಿತ್ತು. ಮುನಿರಾಮಪ್ಪ ಮೆಟ್ಟಿಲ ಮೇಲೆ ಆಚೆ ಮುಖ ಮಾಡಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ವಿಶಾಖಾ ಬಗ್ಗಿಯನ್ನು ಓಣಿಯ ತುದಿಗೆ ಒಯ್ದು ನೆಲಕ್ಕಿಟ್ಟಳು. ರಿಮೋಟಿನಲ್ಲಿದ್ದ ಬಂದೂಕಿನಂಥ ಕುದುರೆ ಎಳೆದಳು. ಕಿಣಿ ಎನ್ನುವ ಸಣ್ಣ, ಚೂಪು ಸದ್ದು ಅವಳ ಹಲ್ಲಿನೊಳಕ್ಕೆ ಇಳಿಯಿತು. ಬಗ್ಗಿ ಅಪ್ಪನ ಬೆನ್ನಿಗೆ ಗೇಣು ದೂರದಲ್ಲಿ ಗಕ್ಕನೆ ನಿಂತಿತು.

ಅಪ್ಪ ತಿರುಗಲಿಲ್ಲ.

ಹಿಂದಕ್ಕೆ ಕರೆದು ಮತ್ತೆ ಬಿಟ್ಟಳು. ಈ ಸಲ ಇನ್ನೂ ಜೋರಾಗಿ. ಎದುರು ಮನೆಯ ನಾಯಿ ಎದ್ದು ಕಿವಿ ನಿಮಿರಿಸಿತು. ಅಪ್ಪನ ಕೈ ಅವರೆಕಾಯಿಯಿಂದ ಅವರೆಕಾಯಿಗೆ ಹೋಗುತ್ತಲೇ ಇತ್ತು.

"ಅಪ್ಪ, ಗಾಡಿ ಸದ್ದು ಕೇಳಿಸ್ತಾ?"

"ಎಲ್ಲಿ? ಇನ್ನೂ ನೀನು ಬಿಟ್ಟೇ ಇಲ್ವಲ್ಲ," ಎಂದು ತಿರುಗಿದವನು ಬೆನ್ನ ಹಿಂದಿನ ಬಗ್ಗಿ ಕಂಡು ನಕ್ಕ. "ಕಳ್ಳ ನನ್ಮಗಂದು, ಯಾವಾಗ ಬಂತೋ."

ಸಣ್ಣ ಸದ್ದು ಅಪ್ಪನಿಗೆ ಕೇಳಿಸುವುದಿಲ್ಲ. ಬೀದಿ ಗುಡಿಸಿದಷ್ಟು ವರ್ಷ ಇದ್ದ ಬದ್ದ ಹಾರನ್ನುಗಳೆಲ್ಲ ಆ ಕಿವಿಯಲ್ಲೇ ಕೂಗಿ ಹೋಗಿದ್ದವು. ತಿಂಗಳುಗಟ್ಟಲೆ ಅವನು ತನಗೆ ಕೇಳಿಸದ ಗಾಡಿಗಳಿಗೆ ಬೆನ್ನು ಕೊಟ್ಟು ಬಗ್ಗಿದ್ದ.

"ಪಂಚೆ ಎತ್ತು."

"ಏನೇ ಇದು?"

"ನಲ್ಲಿ ಹತ್ರ ಜಾರಿ ಕಾಲಿಗೆ ಗಾಯ ಆಯ್ತು ಅಂದ್ಯಲ್ಲ. ತೋರ್ಸು."

ಅವನು ತೋರಿಸಲಿಲ್ಲ. ಅವಳೇ ಕೂತು ಪಂಚೆ ಎತ್ತಿದಳು. ಮೀನಖಂಡದ ಕೆಳಗೆ, ಕಣಕಾಲಿನ ಹಿಂದೆ, ಒಂದರ ಮೇಲೊಂದು ಮೂರು ಕಲೆ, ಮೂರೂ ಬಂಪರಿನಷ್ಟೇ ಅಗಲ. ಜಾರಿ ಬಿದ್ದ ಗಾಯ ಹಿಂದುಗಡೆ ಆಗುವುದಿಲ್ಲ.

"ನಾಳೆ ನೀನು ಹೋಗ್ಬೇಡ."

"ನಿನ್ನ ಟ್ರಯಲ್ ದಿನಾನೇ? ಸುಮ್ನಿರು."

"ಹಾಗಾದ್ರೆ ನಾನು ಇಂಜಿನ್ ಗಾಡಿ ತಗೋತೀನಿ. ಅದು ನಿಂಗೆ ಕೇಳಿಸುತ್ತೆ."

"ನಿಂದೊಂದು ಕೇಳಿಸ್ತು. ಟ್ರ್ಯಾಕಲ್ಲಿ ಮಿಕ್ಕಿದ್ದು ಐದು ಓಡ್ತವಲ್ಲ?" ಎಂದು ಮುನಿರಾಮಪ್ಪ ಅವರೆಕಾಯಿಗೆ ಕೈ ಹಾಕಿದ. "ಹೆದ್ರಿಕೊಂಡು ಸೋಲೋ ಗಾಡಿ ತಗೊಂಡೋಳು ಅಂತ ನನ್ನ ಮಗಳನ್ನ ಅವರು ಅನ್ಬಾರ್ದು."

ಆ ಐದು ಎಂಬ ಲೆಕ್ಕ ಅವಳನ್ನು ರಾತ್ರಿಯೆಲ್ಲ ಕಾಡಿತು.

ಬೆಳಿಗ್ಗೆ ಕ್ಲಬ್ಬಿಗೆ ಹೋದ ಕೂಡಲೇ ಮರಿಯಣ್ಣನಿಗೆ ಎಲ್ಲ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಕಚೇರಿಯಲ್ಲಿ ಗುತ್ತಿಗೆದಾರರ ಬೆವರಿಳಿಸುವ ಹೆಂಗಸು. ಮರಿಯಣ್ಣ ಕಾಫಿ ಲೋಟ ಕೈಗಿತ್ತು, "ಬಾಮ್ಮ, ನಿಮ್ಮನೆ ಚಾಮರಾಜಪೇಟೇಲಿ ಎಲ್ಲಿ ಬರುತ್ತೆ?" ಎಂದು ಕೇಳಿದ. ಜೋಡಿಸಿದ ಮಾತು ಚದುರಿಹೋಯಿತು. ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಚಪ್ಪಲಿ ಬಿಟ್ಟು ಕಾಯುತ್ತಿರುತ್ತದೆಂದು ಅವಳಿಗೆ ಸ್ಕೂಲಿನಿಂದಲೂ ಗೊತ್ತು. "ಮೇನ್ ರೋಡ್ ಹತ್ರ," ಎಂದಳು. ಕಿವಿ ಕೇಳಿಸದು ಎನ್ನಬೇಕಾದರೆ ಯಾರ ಕಿವಿ, ನಿನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು. ಎರಡು ಹೆದರಿಕೆ ಎದುರುಬದುರು ನಿಂತವು. ಚಿಕ್ಕದು ಗೆದ್ದಿತು. ಲೋಟ ಖಾಲಿ ಮಾಡಿ, ನೀಲಿ ಬಗ್ಗಿಯನ್ನು ಸಾಲಿನಲ್ಲಿಟ್ಟು, ಓಡಿಸುವವರು ನಿಲ್ಲುವ ಅಟ್ಟಣಿಗೆ ಹತ್ತಿದಳು.

ಆರು ಬಗ್ಗಿ. ಕೆಳಗೆ, ದೊಡ್ಡ ಜಂಪಿನ, ಗಾಡಿಗಳು ಹಾರುವ ಮಣ್ಣುದಿಬ್ಬದ, ಆಚೆಯ ತಿರುವಿನಲ್ಲಿ, ಕಿತ್ತಳೆ ಬಣ್ಣದ ಕೋಟು ತೊಟ್ಟ ಮುನಿರಾಮಪ್ಪ. ಮಗಳ ಕಡೆ ನೋಡಲೇ ಇಲ್ಲ. ನೋಡದಿರುವುದಕ್ಕೆ ಅವನು ಪಡುತ್ತಿದ್ದ ಕಷ್ಟ ಅಲ್ಲಿಂದಲೂ ಕಾಣುತ್ತಿತ್ತು.

ಗಾಡಿ ಅಪ್ಪ ಹೇಳಿದ ಹಾಗೇ ಇತ್ತು. ತಿರುವಿನಲ್ಲಿ ನಾಲ್ಕು ಚಕ್ರವೂ ನೆಲಕ್ಕೆ ಅಂಟಿಕೊಂಡವು. ಎರಡನೇ ಸುತ್ತಿಗೆ ಅವಳು ಮನೋಹರನ ಹಿಂದಿದ್ದಳು. "ಪರ್ವಾಗಿಲ್ವೇ ಮೇಡಂ," ಎಂದ ಅವನು ಪಕ್ಕದಿಂದ, ಟ್ರ್ಯಾಕಿನಿಂದ ಕಣ್ಣು ಕೀಳದೆ. ಮೂರನೇ ಸುತ್ತಿನಲ್ಲಿ ಮರಿಯಣ್ಣನ ಬಗ್ಗಿ ಜಂಪಿನ ಆಚೆ ಅಂಗಾತ ಬಿತ್ತು.

"ಲೇ ಮುನಿ, ಎತ್ತೋ. ನಿದ್ದೆ ಮಾಡ್ತಿದೀಯಾ?" ಮರಿಯಣ್ಣ ಮುನಿರಾಮಪ್ಪನಿಗಿಂತ ಹನ್ನೆರಡು ವರ್ಷ ಚಿಕ್ಕವನು.

ಅಪ್ಪ ಟ್ರ್ಯಾಕಿನೊಳಕ್ಕೆ ಕಾಲಿಟ್ಟ. ಬೆನ್ನು ತಿರುಗಿಸಿದ. ಬಗ್ಗಿದ.

ಆಗ ವಿಶಾಖಾಳ ಗಾಡಿ ಜಂಪಿನ ತುದಿ ಬಿಟ್ಟಾಗಿತ್ತು. ಗಾಳಿಯಲ್ಲಿರುವ ಗಾಡಿಯನ್ನು ತಿರುಗಿಸಲು ಬರುವುದಿಲ್ಲ. ಮೂರೂವರೆ ಕೆಜಿ, ಎದುರಿಗೆ ಅಪ್ಪನ ಬಗ್ಗಿದ ಬೆನ್ನು. ಅವಳು ಕಿರುಚಿದಳು. "ಅಪ್ಪಾ." ಅವನು ಅಲುಗಲಿಲ್ಲ. ಗಾಬರಿಗೆ ಕೀಚಲಾದ ಆ ದನಿಯೂ ಅವನಿಗೆ ಕೇಳಿಸದ ಸಣ್ಣ ಸದ್ದೇ ಎಂದು ಕೂಗುತ್ತಲೇ ಗೊತ್ತಾಯಿತು. ಗಾಳಿಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವುದಿಲ್ಲ, ಮೂಗು ತಗ್ಗಿಸುತ್ತದೆ. ಅಷ್ಟೇ ಅವಳ ಕೈಯಲ್ಲಿದ್ದದ್ದು. ಬೆರಳು ಮುರಿಯುವ ಹಾಗೆ ಒತ್ತಿದಳು. ನೀಲಿ ಬಗ್ಗಿ ಹಕ್ಕಿಯಂತೆ ತಲೆ ಕೆಳಗೆ ಮಾಡಿ ಮಣ್ಣಿಗೆ ಕುಕ್ಕಿತು. ಮುಂದಿನ ಚಕ್ರವೊಂದು ಕಿತ್ತು ಹಾರಿತು. ಮಿಕ್ಕಿದ್ದು ಉರುಳಿ, ಉರುಳಿ, ಅಪ್ಪನ ಹಿಮ್ಮಡಿಯ ಪಕ್ಕ ಬಂದು ಬಿತ್ತು.

ಮುನಿರಾಮಪ್ಪ ಮರಿಯಣ್ಣನ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಮಣ್ಣು ಒರೆಸಿ, ಆಮೇಲೆ ತಿರುಗಿದ. ಕಾಲಡಿಯ ನೀಲಿ ಚೂರುಗಳನ್ನು ನೋಡಿ ಅವನ ಮುಖ ಬಾಡಿತು. ಗಾಡಿ ಮುರಿಯಿತಲ್ಲ ಎಂದು.

ಅಟ್ಟಣಿಗೆಯ ಮೇಲಿದ್ದವರು ಒಬ್ಬೊಬ್ಬರಾಗಿ ತಮ್ಮ ಗಾಡಿ ನಿಲ್ಲಿಸಿದರು.

"ಯಾರಮ್ಮ ಅಪ್ಪ?" ಎಂದ ಮರಿಯಣ್ಣ.

ವಿಶಾಖಾ ರಿಮೋಟನ್ನು ಕೆಳಗಿಟ್ಟಳು. ಮೆಟ್ಟಿಲಿಳಿದಳು. ಟ್ರ್ಯಾಕ್ ದಾಟಿ ಅಪ್ಪನ ಹತ್ತಿರ ಹೋಗಿ ಕಿತ್ತಳೆ ಕೋಟಿನ ಗುಂಡಿ ಬಿಚ್ಚಿದಳು. "ಏನೇ, ಎಲ್ರೂ ನೋಡ್ತಾವ್ರೆ," ಎಂದು ಅವನು ಪಿಸುಗುಟ್ಟಿದ. ಅವಳು ಕೋಟನ್ನು ತಾನು ತೊಟ್ಟು ಅಟ್ಟಣಿಗೆಯತ್ತ ತಿರುಗಿದಳು.

"ಇವರು ನಮ್ಮಪ್ಪ. ನಿಮ್ಮ ಬ್ಯಾಟರಿ ಗಾಡಿ ಇವರಿಗೆ ಕೇಳಿಸಲ್ಲ. ಮೂರು ಸಲ ನಿಮ್ಮ ಗಾಡಿ ಇವರ ಕಾಲಿಗೆ ಹೊಡೆದಿದೆ, ನಿಮಗೆ ಒಬ್ರಿಗೂ ಗೊತ್ತಿಲ್ಲ, ಇಲ್ಲಾಂದ್ರೆ ಗೊತ್ತಿದ್ದೂ ಸುಮ್ನಿದ್ರಿ. ಈ ರೇಸ್ ನಾನು ಓಡ್ಸಿದೀನಿ, ಮುಂದಿನ ರೇಸಿಗೆ ನಾನು ನಿಲ್ತೀನಿ. ಅದರ ಮುಂದಿನದಕ್ಕೆ ನೀವು ಇಳೀರಿ. ಎಲ್ಲಾ ಕಡೆ ಇರೋ ರೂಲ್ ಇದು."

"ಗಾಡಿ ಯಾವ್ದು ತಗೋತೀರಾ ಅಂತ ಕೇಳಿದ್ರೆ ರೂಲ್ ಹೇಳ್ತೀರಲ್ಲ ಮೇಡಂ," ಎಂದ ಮನೋಹರ್.

"ಅದನ್ನೇ ತಗೋತೀನಿ, ಮುರಿದಿರೋದನ್ನೇ. ನಾನೇ ರಿಪೇರಿ ಮಾಡ್ಕೋತೀನಿ. ನೀನು ಕೆಳಗಿಳಿದು ನಿಂತ ದಿನ ಓಡಿಸ್ತೀನಿ."

ಮರಿಯಣ್ಣ ತನ್ನ ರಿಮೋಟನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ, "ಆಯ್ತು, ನಿಂತ್ಕೊಳಮ್ಮ. ನೋಡೋಣ," ಎಂದು ಪೀಪಿ ಊದಿಸಿದ.

ಐದು ಬಗ್ಗಿ ಹೊರಟವು. ಕೆಳಗಿನಿಂದ ನೋಡಿದರೆ ಅವು ಬೇರೆಯೇ ಪ್ರಾಣಿ. ಕಿಣಿ ಎನ್ನುವ ಸದ್ದು ಮೊದಲು ಬೇಲಿಯ ಕಡೆ, ಆಮೇಲೆ ಜಂಪಿನ ಹಿಂದೆ, ಆಮೇಲೆ ಎಲ್ಲ ಕಡೆ. ಬೇಲಿಗೊರಗಿ ನಿಂತ ಅಪ್ಪ ಎರಡೂ ಕೈ ಎತ್ತಿ ಏನೋ ಸನ್ನೆ ಮಾಡುತ್ತಿದ್ದ. ಓಡಿಬಿಡಬೇಕೆನ್ನಿಸಿತು ಅವಳಿಗೆ. ಎರಡನೇ ಸುತ್ತಿಗೇ ಮರಿಯಣ್ಣನ ಬಗ್ಗಿ ಅವಳ ಮುಂದೆ ಬಂದು ಮಗುಚಿತು, ಚಕ್ರಗಳು ಆಕಾಶಕ್ಕೆ ತಿರುಗುತ್ತಿದ್ದವು.

"ಎತ್ತಮ್ಮ, ಬೇಗ."

ವಿಶಾಖಾ ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಕೈ ಮೇಲೆತ್ತಿ ನಿಂತಳು. ಒಂದು ಬಗ್ಗಿ ಹೋಯಿತು, ಇನ್ನೊಂದು ಮೊಣಕಾಲಿಗೆ ಮಣ್ಣು ಎರಚಿ ಹೋಯಿತು.

"ಎತ್ತಮ್ಮ ಅಂದ್ರೆ."

ಇನ್ನೂ ಎರಡು ಬರಬೇಕಿತ್ತು. ಅವು ದಾಟುವ ತನಕ ಬೆನ್ನು ಕೊಡದೆ, ಅವಳು ಬರುವ ಗಾಡಿಗಳಿಗೇ ಮುಖ ಕೊಟ್ಟು ನಿಂತಿದ್ದಳು, ಕೈ ಇಳಿಸದೆ. ತಾನೂ ನಿಲ್ಲುತ್ತೇನೆಂದು ಅಟ್ಟಣಿಗೆಯಿಂದ ಇನ್ನೂ ಯಾರೂ ಇಳಿದಿರಲಿಲ್ಲ.