ಅಣ್ಣನ ಪಾಲು

ಸುಮಿತಾಳಿಗೆ ಒಂಬತ್ತು ವರ್ಷ. ಮೂರರ ಮಗ್ಗಿ ಇವತ್ತು ಒಪ್ಪಿಸಿದರೆ ನಾಳೆ ಮರೆಯುತ್ತಿದ್ದಳು. ಹಲ್ಲಿನ ಮೇಲೆ ತುಕ್ಕು ಹಿಡಿದಂಥ ಕಂದು ಪಟ್ಟಿ. ಅವಳ ಅವ್ವ ಗುರುಸಿದ್ದವ್ವನಿಗೆ ಎರಡಕ್ಕೂ ಮದ್ದು ಗೊತ್ತಿತ್ತು: ಹಲ್ಲಿಗೆ ಇದ್ದಿಲ ಪುಡಿ, ಮಗ್ಗಿಗೆ ಬೆನ್ನ ಮೇಲೆ ಏಟು. ಎರಡೂ ನಾಟಲಿಲ್ಲ. ಹೊಡೆದ ದಿನ ಮಗಳಿಗಿಂತ ಅವ್ವನೇ ಹೆಚ್ಚು ಅಳುತ್ತಿದ್ದಳು.

ನಾಗರ ಪಂಚಮಿಗೆ ಹದಿನೈದು ದಿನ ಇರುವಾಗ ಮಗಳನ್ನು ಮುಂಡಗೋಡದ ಆಸ್ಪತ್ರೆಗೆ, ಹಲ್ಲು ತೋರಿಸಲು ಕರೆದೊಯ್ದಳು. ಅಲ್ಲಿನ ನರ್ಸ್ ಸಿಲ್ವಿಯಾ ಸಾಂಬ್ರಾಣಿ ಊರ ಕಡೆಯ ಸಿದ್ದಿ ಜನಾಂಗದ ಹೆಣ್ಣುಮಗಳು. ಹುಡುಗಿಯ ಬಾಯಿ ತೆರೆಸಿ ನೋಡಿದವಳೇ ಕೇಳಿದಳು.

"ಅಕ್ಕಾರ, ಯಾವ ನೀರು ಕುಡಸ್ತೀರಿ?"

"ಊರ ಮುಂದಿನ ಬೋರಿಂಗ್ ನೀರ್ರಿ. ಹಂಗ ಕುಡಸಂಗಿಲ್ಲ ಮತ್ತ! ದಿನಾ ಅರ್ಧ ತಾಸು ಕುದಿಸಿ, ಆರಿಸಿ ಕುಡಸ್ತೇನಿ. ನಮ್ಮ ಓಣ್ಯಾಗ ನಾ ಒಬ್ಬಾಕಿನ ಕುದಸಾಕಿ."

ಸಿಲ್ವಿಯಾ ಚೀಟಿಯಲ್ಲಿ ಊರಿನ ಹೆಸರು ನೋಡಿ ಪೆನ್ನು ಕೆಳಗಿಟ್ಟಳು. "ಕುದಿಸಿದ್ರ ಹುಳ ಸಾಯ್ತಾವ್ರಿ. ನೀರಾಗಿನ ಫ್ಲೋರೈಡ್ ಹೋಗಂಗಿಲ್ಲ. ನೀರು ಬತ್ತತೈತಿ, ಅದು ಉಳೀತೈತಿ. ಕುದಿಸಿದಷ್ಟೂ ಗಟ್ಟಿ."

"ಅಂದ್ರ ನನ್ನ ಮಗಳ ತಲಿ ನೀರಿನಿಂದ ಮಂದ ಆತೇನ್ರಿ?"

"ಹಲ್ಲು ಅದರಿಂದನ. ತಲೀದು... ಇಂಥಾ ನೀರು ಬಾಳ ವರ್ಷ ಕುಡಿದ ಮಕ್ಕಳು ಕಲಿಯೂದ್ರಾಗ ಹಿಂದ ಬೀಳಬಹುದು ಅಂತಾರ. ಈಕೀದು ಅದರಿಂದನ ಆತು ಅಂತ ಯಾರೂ ಬರದು ಕೊಡಂಗಿಲ್ಲ. ಆದ್ರ ಆ ಬೋರಿಂಗಿಗೆ ಆರು ವರ್ಷದ ಹಿಂದ ಕೆಂಪು ಬಣ್ಣ ಹಚ್ಚಿದ್ರಲ್ಲ, ಕುಡೀಬ್ಯಾಡ್ರಿ ಅಂತ. ನಿಮಗ್ಯಾರೂ ಹೇಳಲಿಲ್ಲೇನು?"

ಬಸ್ಸಿನಲ್ಲಿ ಗುರುಸಿದ್ದವ್ವ ಮಗಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡಳು. ಕೆಂಪು ಬಣ್ಣ ಅವಳಿಗೆ ನೆನಪಿತ್ತು. "ರಿಪೇರಿ ಆತು ಅನ್ನೂ ಗುರುತು ಅದು" ಎಂದಿದ್ದ ಅವಳ ಸ್ವಂತ ಅಣ್ಣ ದ್ಯಾಮಪ್ಪ, ಪಂಚಾಯತಿಯ ವಾಟರ್‌ಮನ್. ವಾರದೊಳಗೆ ಅವನೇ ಅದರ ಮೇಲೆ ನೀಲಿ ಬಳಿದ. ಮೂರು ವರ್ಷದ ಸುಮಿತಾ ಮಾವನ ಬಣ್ಣದ ಡಬ್ಬಿ ಹಿಡಿದು ನಿಂತಿದ್ದಳು. ಬಿಸಿಲಲ್ಲಿ ಬೆವರುತ್ತಿದ್ದ ಅಣ್ಣನಿಗೆ ಇವಳು ತಂಬಿಗೆ ತುಂಬ ನೀರು ಒಯ್ದರೆ, "ಈಗ ಕುಡದ್ನಿ ತಂಗಿ" ಎಂದಿದ್ದ. ಅವತ್ತಿನಿಂದ ಇವತ್ತಿನವರೆಗೆ ನೀರು ಕೊಟ್ಟಾಗಲೆಲ್ಲ ಅದೇ ಮಾತು. ತನ್ನ ಮನೆಗೆ ಮಾತ್ರ ಮುಂಡಗೋಡದಿಂದ ಬೈಕಿನ ಮೇಲೆ ನೀರಿನ ಕ್ಯಾನು ತರುತ್ತಿದ್ದ. ಹೆಂಡತಿಗೆ ಗ್ಯಾಸಿನ ತ್ರಾಸಂತೆ. ಅವನ ಹೆಣ್ಣುಮಕ್ಕಳ ಹಲ್ಲು ಎಳೆ ಜೋಳದ ಕಾಳಿನಂತೆ ಬೆಳ್ಳಗಿದ್ದವು.

ಬಸ್ಸಿಳಿದವಳು ಸೀದಾ ಬೋರಿಂಗಿಗೆ ಹೋಗಿ, ಸೆರಗಿನ ಗಂಟಿನಿಂದ ಕೀಲಿಕೈ ಬಿಚ್ಚಿ ನೀಲಿಯನ್ನು ಕೆರೆದಳು. ಅಡಿಯಲ್ಲಿ ಕೆಂಪು ಬಂತು.

ದ್ಯಾಮಪ್ಪ ಪಕ್ಕದ ನೀರಿನ ಟಾಕಿಯ ವಾಲ್ವ್ ಬಿಗಿಯುತ್ತಿದ್ದ. ಕೆರೆದ ಜಾಗವನ್ನು ನೋಡಿದ, ತಂಗಿಯ ಮುಖ ನೋಡಿದ.

"ಯಾರು ಹೇಳಿದ್ರು?"

ಅಷ್ಟೇ ಸಾಕಾಯಿತು. ಏನದು ಅಂತ ಕೇಳಿದ್ದರೂ, ಅವನಿಗೆ ಗೊತ್ತಿರಲಿಲ್ಲವೆಂದು ಅವಳು ನಂಬಿಬಿಡುತ್ತಿದ್ದಳು.

"ಪೈಪ್‌ಲೈನ್ ಆರು ತಿಂಗಳದಾಗ ಬರತೈತಿ ಅಂದಿದ್ರವಾ. ಅಲ್ಲೀತನಕ ಬೋರಿಂಗ್ ಬಂದ್ ಮಾಡಿದ್ರ ಊರ ಮಂದಿ ನನ್ನ ಹರಕೊಂಡು ತಿಂತಿದ್ರು. ಇದ್ದ ಕೆಲಸಾನೂ ಹೋಗ್ತಿತ್ತು."

"ಊರಿಗೆ ಹೇಳೂದು ಬ್ಯಾಡಾಗಿತ್ತು, ಯಣ್ಣಾ. ನನಗ ಹೇಳಬೇಕಿತ್ತು. ಕಿವ್ಯಾಗ."

"ನಿನಗ ಹೇಳೂದೂ ಒಂದ, ಡಂಗುರಾ ಸಾರೂದೂ ಒಂದ. ನಿನ್ನ ಬಾಯಿ ನನಗ ಗೊತ್ತಿಲ್ಲೇನು?"

ಊರಿಗೇ ಗಟ್ಟಿ ಬಾಯಿಯವಳು ಮಗಳ ಕೈ ಹಿಡಿದು ಮನೆಯ ಕಡೆ ನಡೆದಳು. ಕೆಟ್ಟದ್ದನ್ನೇ ಕುದಿಸಿ ಕುದಿಸಿ, ಆರಿಸಿ, ಕೈಯಾರೆ ಕುಡಿಸಿದ್ದಳು. ತಲೆಗೆ ಹತ್ತಲಿಲ್ಲವೆಂದು ಅದೇ ಕೈಯಿಂದ ಬಾರಿಸಿದ್ದಳು. ಅಣ್ಣ ಕಟ್ಟೆಯ ಮೇಲೆ ಕುಂತು, "ಹುಡುಗಿ ಮ್ಯಾಲ ಕೈ ಮಾಡಬ್ಯಾಡ" ಎಂದು ಬುದ್ಧಿ ಬೇರೆ ಹೇಳುತ್ತಿದ್ದ!

ಮರುದಿನದಿಂದ ಗೌಡರ ಹೊಲದ ಬಾವಿಗೆ ನಡೆಯತೊಡಗಿದಳು. ಯಾಕೆಂದು ಕೇಳಿದವರಿಗೆ ಹೇಳಲಿಲ್ಲ. ಹೇಳಿದರೆ ಅಣ್ಣನ ಕೆಲಸ ಹೋಗುತ್ತದೆ ಎಂಬ ಸಂಕಟ ಇನ್ನೂ ಇತ್ತು.

ಪಂಚಮಿಯ ಮುಂಜಾನೆ ದ್ಯಾಮಪ್ಪ ವಾಡಿಕೆಯಂತೆ ಜಂಪರು ಪೀಸು, ಶೇಂಗಾ ಉಂಡಿ ತಂದ. ಹೊಸ್ತಿಲ ಮೇಲಿಟ್ಟು, "ಹಬ್ಬದ ದಿನ ಮಾರಿ ತಿರುವಬ್ಯಾಡ ತಂಗಿ" ಎಂದ. "ಹುಡುಗಿ ಮೊದಲಿಂದನೂ ಮಂದನ ಇತ್ತಲ್ಲ. ಎಲ್ಲಾ ನೀರಿನ ಮ್ಯಾಲ ಹಾಕಿದ್ರ ಹೆಂಗ?"

ಸುಮಿತಾ ಬಾಗಿಲಲ್ಲೇ ನಿಂತು ಕೇಳಿದಳು. ಹಲ್ಲು ಕಾಣದಂತೆ ಬಾಯಿಗೆ ಕೈ ಮುಚ್ಚಿಕೊಂಡಳು.

ಹುತ್ತದ ಹತ್ತಿರ ಓಣಿಯ ಹೆಂಗಸರೆಲ್ಲ ಸೇರಿದ್ದರು. ಕೊಬ್ಬರಿ ಬಟ್ಟಲಿಂದ ಒಬ್ಬೊಬ್ಬರ ಹೆಸರಲ್ಲಿ ಹಾಲೆರೆಯುವುದು ಸುಮಿತಾಳ ಪಾಳಿ. ಮಗ್ಗಿ ನಿಲ್ಲದ ಆ ತಲೆಯಲ್ಲಿ ಇದೊಂದು ಗಟ್ಟಿಯಾಗಿ ನಿಂತಿತ್ತು: "ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಮಾವನ..."

ಗುರುಸಿದ್ದವ್ವ ಮಗಳ ಕೈ ಹಿಡಿದಳು.

"ಯಾಕ, ಗುರುಸಿದ್ದಿ?" ಪಕ್ಕದ ಮನೆಯ ಈರಕ್ಕ ಗಾಬರಿಯಾದಳು. "ಒಡಹುಟ್ಟಿದಾಂವಂದು ಬಿಡಬಾರದವಾ. ತವರಿಗೆ ಕೇಡು."

"ಕೇಡು ಅಂವನ ಮಾಡ್ಯಾನ. ನನ್ನ ಬಾಯಿಗೆ ಹೆದರಿ ಹೇಳಲಿಲ್ಲಂತ. ಹಂಗಾರ ಈಗ ಕೇಳ್ರಿ ಎಲ್ಲಾರೂ!"

ಹೇಳಿದಳು. ಕೆಂಪು, ನೀಲಿ, ಕ್ಯಾನು, ತಾನು ಕುದಿಸಿದ್ದು, ತಾನು ಹೊಡೆದದ್ದು, ಒಂದನ್ನೂ ಬಿಡಲಿಲ್ಲ. ದನಿ ಓಣಿ ದಾಟಿ ಟಾಕಿಯವರೆಗೂ ಹೋಯಿತು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಮಕ್ಕಳ ಗದ್ದ ಎತ್ತಿ ಬಾಯಿ ತೆರೆಸಿ ನೋಡತೊಡಗಿದರು.

ಸುಮಿತಾ ಹಾಲು ತುಂಬಿದ ಬಟ್ಟಲು ಹಿಡಿದು ಹಾಗೆಯೇ ನಿಂತಿದ್ದಳು. "ಅವ್ವಾ, ಇದನ್ನೇನು ಮಾಡ್ಲಿ?"

"ನೀ ಕುಡಿ" ಎಂದಳು ಗುರುಸಿದ್ದವ್ವ. "ಅದು ನಿನ್ನ ಪಾಲಿಂದು."