ಉದುರು ಮೇಷ್ಟ್ರ ಕೋಟಿನ ಎರಡನೇ ಗುಂಡಿ

ತಾನು ಅಂಗಿಗೆ ಹಾಕಿದ ಗುಂಡಿಯನ್ನು ಆನೆಗೆ ಕಟ್ಟಿ ಎಳೆಸಿದರೆ ಆನೆ ಕಾಲು ಜಾರಿ ಬೀಳುತ್ತದೆಯೇ ಹೊರತು ಗುಂಡಿ ಕೀಳುವುದಿಲ್ಲ ಎಂದು ಕಾಜಾಜ್ಜಿ ಹೇಳುತ್ತಿದ್ದಳು. ಐವತ್ತೈದು ವರ್ಷದಲ್ಲಿ ಒಂದು ಲಕ್ಷ ಗುಂಡಿ ಹಾಕಿದ್ದಾಳಂತೆ, ಒಂದೂ ಬಿದ್ದಿಲ್ಲವಂತೆ. ಅಂಗಿ ಹಳತಾಗಿ, ಹರಿದು, ನೆಲ ಒರೆಸುವ ಬಟ್ಟೆಯಾಗಿ, ಅದೂ ಸವೆದು ಮಾಯವಾದ ಮೇಲೆ ಗುಂಡಿಯೊಂದು ನೂಲಿನ ಸಮೇತ ಗಾಳಿಯಲ್ಲಿ ನಿಂತಿರುತ್ತದಂತೆ. "ಕಟ್ಟಿಕೊಂಡ ಗಂಡನೇ ಕಣ್ಣು ಮುಚ್ಚಿ ನಡುದಾರೀಲಿ ಬಿಟ್ಟು ಹೋದ. ನಾನು ಕಟ್ಟಿದ ಗುಂಡಿ ಹೋಗಿಲ್ಲ" ಎನ್ನುತ್ತಿದ್ದಳು. ಕೇಳಿದವರು ನಕ್ಕರೆ, "ಅರ್ಧ ಸುಳ್ಳು ಬಿಡಿ" ಎಂದು ತಾನೇ ಒಪ್ಪಿಕೊಳ್ಳುತ್ತಿದ್ದಳು. ಯಾವ ಅರ್ಧ ಎಂದು ಮಾತ್ರ ಯಾರಿಗೂ ಹೇಳಿದವಳಲ್ಲ.

ಆ ಅರ್ಧ ಒಂದು ಮಂಗಳವಾರ ಬೆಳಿಗ್ಗೆ ಲಾಂಡ್ರಿಯ ಕಾಗದ ಸುತ್ತಿಕೊಂಡು ಅಂಗಡಿಗೆ ಬಂತು.

ಅಂಗಡಿ ಎಂದರೆ ಒಂದು ಕೋಣೆ. ಒಳಗೆ ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು. ಅದು ಸೊಸೆಯ ರಾಜ್ಯ. ಬಾಗಿಲ ಪಕ್ಕ, ಬೆಳಕು ಬೀಳುವ ಕಡೆ, ಒಂದು ಗಿಡ್ಡ ಸ್ಟೂಲು, ಅದು ಅತ್ತೆಯದು. ಗುಂಡಿ ತೂರುವ ಕಾಜಾ, ಗುಂಡಿ, ಅಂಚು ಮಡಚುವುದು, ಕೈಕೆಲಸವೆಲ್ಲ ಅಲ್ಲಿ. ಬಂದು ಹೋಗುವವರನ್ನು ರೇಗಿಸುವ ಕೆಲಸವೂ ಅಲ್ಲೇ.

"ಅತ್ತೆ, ಕೋಟಿಗೆ ಒಂದು ಗುಂಡಿ ಹಾಕ್ಬೇಕಂತೆ. ನೀವೇ ಹಾಕ್ಬೇಕಂತೆ, ನಾನು ಹಾಕಿದ್ರೆ ಆಗಲ್ವಂತೆ" ಎಂದಳು ಸೊಸೆ.

"ಯಾರೇ ಅದು, ಅಷ್ಟೊಂದು ಬುದ್ಧಿ ಇರೋರು?"

"ಉದುರು ಮೇಷ್ಟ್ರು."

ಅಜ್ಜಿಯ ಸೂಜಿ ಬಟ್ಟೆಯ ಅರ್ಧಕ್ಕೆ ನಿಂತಿತು.

"ನಾಡಿದ್ದು ಮಗಳು ಅವರನ್ನ ತನ್ನೂರಿಗೆ ಕರ್ಕೊಂಡು ಹೋಗ್ತಾಳಂತೆ. ಕಣ್ಣು ಪೂರಾ ಹೋಯ್ತಲ್ಲ, ಒಬ್ಬರೇ ಹೇಗಿರ್ತಾರೆ? ಇನ್ನು ಈ ಕಡೆ ಬರೋದು ಸುಳ್ಳು."

"ಅವರಿಗೆ ಹೆಸರಿಲ್ವೇನೆ?"

"ಇರುತ್ತೆ. ಯಾರಿಗೆ ಗೊತ್ತು? ಎರಡು ವರ್ಷ ಓದಿದೆ ಅವರ ಹತ್ರ. ಉದುರು ಮೇಷ್ಟ್ರು ಅಂದ್ರೇನೇ ಗೊತ್ತಾಗೋದು. ಲಾಂಡ್ರಿಯವನು ಏನು ಬರೆದಿದಾನೆ ನೋಡಿ." ಸೊಸೆ ಕೋಟಿನ ಕಾಲರಿಗೆ ಟಾಕು ಹಾಕಿದ್ದ ಬಿಳಿ ಬಟ್ಟೆ ಚೀಟಿ ತೋರಿಸಿದಳು.

ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ನಿಲ್ದಾಣ ಸೇರಿರುತ್ತಿತ್ತು. ಆದರೆ ಚೀಟಿಯ ಮೇಲಿದ್ದ ಆ ಮೂರು ಅಕ್ಷರವನ್ನು ಒಂದೇ ಉಸಿರಿಗೆ ಓದಿದಳು. ಉದುರು.

"ತಲೆಕೂದಲೆಲ್ಲ ಉದುರಿ ಬೋಳಾಗಿದ್ದಕ್ಕೆ ಆ ಹೆಸರು ಬಂತಂತೆ, ಅಲ್ವಾ ಅತ್ತೆ?"

"ಹೆಸರು ಬಂದಾಗ ಬಾಚಣಿಗೆ ಮುರಿಯೋಷ್ಟು ಕೂದಲಿತ್ತು."

"ನಿಮಗೆ ಹೇಗೆ ಗೊತ್ತು?"

"ಆ ಚೂಡಿದಾರ ಇವತ್ತು ಕೊಡ್ಬೇಕು ಅಂದಿದ್ಯಲ್ಲ. ಮೆಷಿನ್ ತುಳಿ."

ಕಂದು ಬಣ್ಣದ ಉಣ್ಣೆ ಕೋಟು. ಕಾಲರನ್ನು ಎರಡು ಸಲ ಮಗುಚಿ ಹೊಲಿದಿತ್ತು, ಮೊಣಕೈಗೆ ತೇಪೆ ಇತ್ತು. ಮೇಲಿನಿಂದ ಎರಡನೇ ಗುಂಡಿ ಇರಲಿಲ್ಲ; ಅದನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟಿದ್ದರು. ಅಜ್ಜಿ ಕೋಟಿನ ಒಳಮಗ್ಗುಲು ಹೊರಗೆ ಮಾಡಿದಳು. ಗುಂಡಿಯ ಜಾಗದ ಹಿಂದೆ ಕಾಸಿನಗಲದ ಒಂದು ಬಟ್ಟೆ ತುಂಡನ್ನು ಯಾರೋ ಒತ್ತು ಕೊಟ್ಟು ಹೊಲಿದಿದ್ದರು. ಅಂಕುಡೊಂಕು ಹೊಲಿಗೆ, ಸೂಜಿ ಹಿಡಿದು ಗೊತ್ತಿಲ್ಲದ ಗಂಡಸಿನದು. ಪದೇ ಪದೇ ಕತ್ತರಿಸುವ ಜಾಗ ಹರಿಯದಿರಲಿ ಎಂದು ಹಾಕಿದ ಒತ್ತು ಅದು. ಅದರ ಮೇಲೆ ಹಳೆಯ ನೂಲಿನ ಗಂಟು ಇನ್ನೂ ಕೂತಿತ್ತು. ಮೇಣ ಸವರಿದ ನೂಲು, ಎರಡು ಸುತ್ತಿನ ಗಂಟು. ಅವಳ ಅಪ್ಪ ಹೇಳಿಕೊಟ್ಟ ಗಂಟು. ಬೇರೆ ಯಾರೂ ಹಾಗೆ ಹಾಕುತ್ತಿರಲಿಲ್ಲ.

ಗಂಟಿನಿಂದ ಹೊರಟ ಎಳೆಗಳ ತುದಿ ಬೆಳಕಿಗೆ ಹಿಡಿದಳು. ಸವೆದು ಕಿತ್ತ ನೂಲಿನ ತುದಿ ಮೇಕೆಯ ಗಡ್ಡದ ಹಾಗೆ ಕೆದರಿರುತ್ತದೆ. ಕತ್ತರಿಸಿದ ನೂಲಿನ ತುದಿ ಈಗಷ್ಟೇ ಕ್ಷೌರ ಮಾಡಿಸಿಕೊಂಡ ಗಲ್ಲದಂತೆ ನುಣ್ಣಗಿರುತ್ತದೆ. ಇದು ನುಣ್ಣಗಿತ್ತು. ಕತ್ತರಿಸಿ ಎರಡು ದಿನವೂ ಆಗಿರಲಿಲ್ಲ.

ಅಜ್ಜಿಯ ಮುಖ ಕಿವಿಯವರೆಗೂ ಬಿಸಿಯಾಯಿತು. ಅರವತ್ತೈದು ದಾಟಿದವಳು, ಹತ್ತು ವರ್ಷದ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೂತಳು.

ಆ ಹತ್ತು ವರ್ಷದ ಹುಡುಗಿ ದರ್ಜಿಯ ಮಗಳು. ಮನೆಯಲ್ಲಿ ಎಂಟು ಬಾಯಿ. ಅವಳ ಬಾಯಿ ಎಂಟನೆಯದು. ಬೆಳಗಿನ ಪಾತ್ರೆ ಏಳನೇ ಬಾಯಿಗೇ ತಳ ಕಾಣುತ್ತಿತ್ತು. ಇಂಟರ್ವಲ್ಲಿನಲ್ಲಿ ಬೇರೆ ಹುಡುಗಿಯರು ಡಬ್ಬಿ ಬಿಚ್ಚಿದರೆ ಅವಳು ನಲ್ಲಿಗೆ ಬಾಯಿ ಕೊಡುತ್ತಿದ್ದಳು. ಒಂದು ದಿನ ಮೇಷ್ಟ್ರು ಸ್ಟಾಫ್ ರೂಮಿಗೆ ಕರೆದರು. ಆಗ ಅವರಿಗೆ ಮೂವತ್ತೂ ಆಗಿರಲಿಲ್ಲ.

"ನಿಮ್ಮಪ್ಪ ದರ್ಜಿ ಅಲ್ವೇನಮ್ಮ? ಈ ಗುಂಡಿ ಬಿದ್ದುಹೋಗಿದೆ. ಹಾಕಿಕೊಡ್ತೀಯಾ?"

ಹಾಕಿಕೊಟ್ಟಳು. ಅವರು ಕಾಗದದ ಪೊಟ್ಟಣದಿಂದ ಒಂದು ಬನ್ನು ತೆಗೆದು ಕೊಟ್ಟರು. ಬೇಡ ಎಂದು ಕೈ ಹಿಂದೆ ಕಟ್ಟಿದಳು.

"ಕೆಲಸ ಮಾಡಿದೀಯ. ಇದು ಕೂಲಿ. ಕೂಲಿ ಬೇಡ ಅನ್ನಬಾರದು. ಇಲ್ಲೇ ಕೂತು ತಿನ್ನು."

ಎರಡು ದಿನಕ್ಕೆ ಗುಂಡಿ ಮತ್ತೆ ಬಿತ್ತು. ಮತ್ತೆ ಕರೆ, ಮತ್ತೆ ಬನ್ನು. ಮೂರನೇ ಸಲ ಬಿದ್ದಾಗ ಹುಡುಗಿಗೆ ಅಳುವೇ ಬಂತು. ದರ್ಜಿಯ ಮಗಳ ಹೊಲಿಗೆ ಎರಡು ದಿನ ನಿಲ್ಲುವುದಿಲ್ಲವೆಂದರೆ ಅಪ್ಪನ ಮಾನವೇನಾಗಬೇಕು? ಮರುದಿನ ಮನೆಯಿಂದ ಮೇಣದ ಚೂರು ತಂದು, ನೂಲಿಗೆ ಸವರಿ, ಎಂಟು ಎಳೆ ಹಾಕಿ, ಬುಡಕ್ಕೆ ಸುತ್ತಿ ಬಿಗಿದಳು. ಅದೂ ಬಿತ್ತು. ಆಗ ತುದಿ ನೋಡಿದಳು. ಆಮೇಲೆ ಮೇಷ್ಟ್ರ ಮೇಜು ನೋಡಿದಳು. ಪೆನ್ಸಿಲ್ಲು ಹೆರೆಯುವ ಅರ್ಧ ಬ್ಲೇಡು ಅಲ್ಲಿತ್ತು, ಅದರ ಅಂಚಿಗೆ ಕಂದು ನೂಲಿನ ಎಳೆಯೊಂದು ಅಂಟಿತ್ತು.

ಗೊತ್ತಾಯಿತು. ಗೊತ್ತಾಯಿತೆಂದು ಹೇಳಿದರೆ ಬನ್ನು ನಿಲ್ಲುತ್ತದೆ ಎಂಬುದೂ ಗೊತ್ತಾಯಿತು. ಹುಡುಗಿ ಮತ್ತೆ ಸೂಜಿಗೆ ನೂಲು ಪೋಣಿಸಿದಳು. ಆ ವರ್ಷ ತಿಂದ ಬನ್ನುಗಳನ್ನು ಸಾಲಾಗಿಟ್ಟರೆ ಪಕ್ಕದೂರು ಮುಟ್ಟುತ್ತಿತ್ತು. ಪಕ್ಕದೂರು ಬೇಡ, ಪಕ್ಕದ ಬೀದಿಯಂತೂ ಮುಟ್ಟುತ್ತಿತ್ತು.

ಇಲ್ಲಿಯವರೆಗೆ ನಾಚಿಕೆಪಡುವಂಥದ್ದೇನೂ ಇಲ್ಲ. ಹಸಿದ ಮಗು ತಿಂದರೆ ಯಾರೂ ತಪ್ಪೆನ್ನುವುದಿಲ್ಲ. ಆಮೇಲೆ ನಡೆದದ್ದು ಬೇರೆ. ಹೇಗೂ ಕತ್ತರಿಸುತ್ತಾರೆ, ಗಟ್ಟಿ ಹೊಲಿದು ಯಾಕೆ ಬೆರಳು ನೋಯಿಸಿಕೊಳ್ಳಲಿ ಎಂದು ಹುಡುಗಿಗೆ ಸೋಮಾರಿತನ ಹತ್ತಿತು. ಎಂಟು ಎಳೆ ನಾಲ್ಕಾಯಿತು, ನಾಲ್ಕು ಎರಡಾಯಿತು. ಮೇಣವೂ ಇಲ್ಲ, ಗಂಟೂ ಇಲ್ಲ. ಅಪ್ಪ ನೋಡಿದ್ದರೆ ಕತ್ತರಿಯಿಂದಲೇ ಕೈ ಮೇಲೆ ಬಾರಿಸುತ್ತಿದ್ದ.

ಅಂಥ ಎರಡೆಳೆಯ ದಿನವೇ ಶಾಲೆ ತಪಾಸಣೆಗೆ ಸಾಹೇಬರು ಬಂದರು. ಮೇಷ್ಟ್ರು ಬೋರ್ಡಿನ ಮೇಲೆ ಎತ್ತರಕ್ಕೆ ಕೈ ಚಾಚಿ ಬರೆಯಲು ಹೋದರು. ಕೋಟು ಬಿಗಿಯಿತು. ಗುಂಡಿ ಟಪ್ಪೆಂದು ಹಾರಿ, ಉರುಳುತ್ತ ಉರುಳುತ್ತ, ಬೇರೆಲ್ಲೂ ಜಾಗವಿಲ್ಲವೆಂಬಂತೆ ಸಾಹೇಬರ ಬೂಟಿನ ಹತ್ತಿರ ಹೋಗಿ ಮಲಗಿತು.

"ಮೈಮೇಲಿನ ಗುಂಡಿಯೇ ನಿಲ್ಲೋದಿಲ್ಲ ನಿಮ್ಮ ಹತ್ರ. ಇನ್ನು ಮಕ್ಕಳ ತಲೇಲಿ ಪಾಠ ಏನು ನಿಲ್ಲುತ್ತೆ ಮೇಷ್ಟ್ರೇ?" ಎಂದರು ಸಾಹೇಬರು. ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರು ಬಗ್ಗಿ ಗುಂಡಿ ಎತ್ತಿಕೊಂಡರು. ಎತ್ತಿಕೊಳ್ಳುವಾಗ ಹುಡುಗಿಯ ಕಡೆ ನೋಡಲಿಲ್ಲ. ನೋಡದಿರಲು ತುಂಬ ಕಷ್ಟಪಟ್ಟರೆಂದು ಅಜ್ಜಿಗೆ ಈಗ ಅನಿಸುತ್ತದೆ.

ಹೊರಗೆ ಬಂದ ಮೇಲೆ ಹುಡುಗಿಯರು ಅವಳನ್ನು ಸುತ್ತಿಕೊಂಡರು. "ನಿನ್ನ ಹೊಲಿಗೆ ತಾನೇ ಅದು? ದರ್ಜಿ ಮಗಳಂತೆ, ಗುಂಡಿ ಹಾಕೋಕೆ ಬರಲ್ಲ" ಎಂದಳು ಒಬ್ಬಳು. "ಪುಕ್ಕಟೆ ಬನ್ನು ತಿನ್ನೋಕೆ ಬರುತ್ತೆ" ಎಂದಳು ಇನ್ನೊಬ್ಬಳು.

"ನನ್ನ ಹೊಲಿಗೆಗೆ ಏನಾಗಿದೆ?" ಎಂದಳು ಹುಡುಗಿ. "ಅವರ ಮೈಮೇಲೆ ಏನೂ ನಿಲ್ಲಲ್ಲ. ಎಷ್ಟು ಗಟ್ಟಿ ಹಾಕಿದ್ರೂ ಉದುರಿಸ್ಕೊಂಡು ಬರ್ತಾರೆ. ಉದುರು ಮೇಷ್ಟ್ರು."

ಮಾತು ಬಾಯಿಂದ ಬೀಳುವುದೇ ತಡ, ನಗು ಎದ್ದಿತು. ನಗು ಅವಳ ಮೇಲಿಂದ ಮೇಷ್ಟ್ರ ಮೇಲೆ ಹೋದದ್ದು ಅವಳಿಗೆ ಎಷ್ಟು ಹಾಯೆನಿಸಿತೆಂದರೆ, ಇನ್ನೂ ಎರಡು ಸಲ ಅಂದಳು. ಸಂಜೆಗೆ ಹೆಸರು ಕಾಂಪೌಂಡಿನ ಮೇಲಿತ್ತು, ಬೆಳಿಗ್ಗೆ ಬೋರ್ಡಿನ ಮೇಲೆ. ಮೇಷ್ಟ್ರು ಅದನ್ನು ಒರೆಸಿ, ಯಾರು ಬರೆದದ್ದೆಂದು ಕೇಳದೆ, ಪಾಠ ಶುರು ಮಾಡಿದರು. ಇಂಟರ್ವಲ್ಲಿನಲ್ಲಿ ಎಂದಿನ ಹಾಗೆ ಕರೆದು ಸೂಜಿ ಕೊಟ್ಟರು. ಅವಳು ಎಂಟು ಎಳೆ ಹಾಕಿ, ಮೇಣ ಸವರಿ, ಗಂಟು ಬಿಗಿದಳು. ಅವರು ಬನ್ನು ಕೊಟ್ಟರು. ಅವಳು ಹೇಳಬೇಕಾದ್ದನ್ನು ಹೇಳದೆ ಅದನ್ನು ತಿಂದಳು. ಪೂರ್ತಿ ತಿಂದಳು, ಕಾಗದಕ್ಕೆ ಅಂಟಿದ ಪುಡಿಯನ್ನೂ ಬಿಡಲಿಲ್ಲ.

ಮರುವಾರ ಅಪ್ಪ ಹಾಸಿಗೆ ಹಿಡಿದ. ಅವಳು ಶಾಲೆ ಬಿಟ್ಟು ಅವನ ಸ್ಟೂಲಿನ ಮೇಲೆ ಕೂತಳು. ಹೆಸರು ಮಾತ್ರ ಶಾಲೆ ಬಿಡಲಿಲ್ಲ. ಅಣ್ಣನಿಂದ ತಮ್ಮನಿಗೆ, ಅಪ್ಪನಿಂದ ಮಗನಿಗೆ ಇಳಿದು ಬಂತು. ಅವಳ ಸ್ವಂತ ಮಗ ಆರು ವರ್ಷದವನಾಗಿ ಮನೆಗೆ ಬಂದು, "ಅಮ್ಮ, ಉದುರು ಮೇಷ್ಟ್ರು ಇವತ್ತು ಕತೆ ಹೇಳಿದ್ರು" ಎಂದಾಗ ಅವನ ಕೆನ್ನೆಗೊಂದು ಬಿಟ್ಟಳು. ಯಾಕೆಂದು ಅವನಿಗೂ ತಿಳಿಯಲಿಲ್ಲ, ಗಂಡನಿಗೂ ತಿಳಿಯಲಿಲ್ಲ. ಶಾಲೆಗೆ ಬನ್ನಿ ಎಂದು ಕರೆ ಬಂದಾಗಲೆಲ್ಲ ಗಂಡನನ್ನು ಅಟ್ಟುತ್ತಿದ್ದಳು. ಬೀದಿಯಲ್ಲಿ ಕಂದು ಕೋಟು ಕಂಡರೆ ಎದುರು ಬದಿಗೆ ದಾಟುತ್ತಿದ್ದಳು. ಐವತ್ತೈದು ವರ್ಷ ಹೀಗೆ ದಾಟಿದ್ದರಲ್ಲೇ ಮಂಡಿ ಸವೆದದ್ದು ಎಂದರೂ ನಂಬಬಹುದು.

ಅಜ್ಜಿ ಗುಂಡಿ ಹಾಕಿ ಮುಗಿಸಿ, ಹಲ್ಲಿನಿಂದ ನೂಲು ಕಡಿದಳು. ಆಮೇಲೆ ಕಾಲರಿನ ಚೀಟಿಯ ಟಾಕು ಬಿಚ್ಚಿ, ಚೀಟಿಯನ್ನು ಮುಷ್ಟಿಯಲ್ಲಿಟ್ಟುಕೊಂಡಳು.

"ಕೊಡಿ ಅತ್ತೆ, ನಾನು ಕೊಟ್ಟು ಬರ್ತೀನಿ. ನಿಮಗೆ ಮಂಡಿ ನೋವು."

"ಮಂಡಿಗೇನು, ಅದೂ ಬರುತ್ತೆ."

ಮೇಷ್ಟ್ರ ಮನೆಯಲ್ಲಿ ಪೆಟ್ಟಿಗೆಗಳಿಗೆ ಹಗ್ಗ ಬಿಗಿದಿತ್ತು. ಗೋಡೆಯಲ್ಲಿ ಮೊಳೆಗಳು ಮಾತ್ರ ಉಳಿದಿದ್ದವು. ಕಿಟಕಿಯ ಪಕ್ಕ ಒಂದು ಕುರ್ಚಿ, ಅದರಲ್ಲಿ ಮೇಷ್ಟ್ರು. ಅವರ ಮಗಳು ಬಾಗಿಲಲ್ಲೇ ತಗ್ಗಿದ ದನಿಯಲ್ಲಿ ಹೇಳಿದಳು: "ಗುಂಡಿ ಚೆನ್ನಾಗೇ ಇತ್ತಮ್ಮ. ಮೊನ್ನೆ ಲಾಂಡ್ರಿಯಿಂದ ಬಂದ ಮೇಲೆ ಬ್ಲೇಡು ಹುಡುಕ್ಕೊಂಡು ಕೂತು ತಾವೇ ಕಿತ್ತಿದಾರೆ. ಕೈ ಕೊಯ್ಕೊಂಡಿದ್ರೆ ಏನ್ಗತಿ? ಕೇಳಿದ್ರೆ, ಇದನ್ನ ಕಾಜಾ ಹಾಕೋ ಹುಡುಗಿಗೆ ಕಳಿಸು ಅಂತಾರೆ. ವಯಸ್ಸಾಯ್ತು, ಬುದ್ಧಿ ಹಿಡಿತ ತಪ್ಪಿದೆ."

ಆ ಬುದ್ಧಿಯ ಹಿಡಿತ ಯಾವತ್ತೂ ತಪ್ಪಿಲ್ಲ ಎಂದು ಅಜ್ಜಿಗೆ ಗೊತ್ತಿತ್ತು. ಒಳಗೆ ಹೋಗಿ ಕೋಟನ್ನು ಅವರ ತೊಡೆಯ ಮೇಲಿಟ್ಟಳು.

ಮೇಷ್ಟ್ರು ಬೆರಳಿನಿಂದ ಗುಂಡಿ ಹುಡುಕಿದರು. ಹಿಡಿದು ಎಳೆದರು, ತಿರುಗಿಸಿದರು, ಉಗುರನ್ನು ಬುಡಕ್ಕೆ ತೂರಿಸಿ ಎಳೆ ಮುಟ್ಟಿ ನೋಡಿದರು.

"ಎಂಟೆಳೆ" ಎಂದರು. "ಎರಡೆಳೆ ಅಲ್ಲ."

ಎರಡೆಳೆಯೂ ಗೊತ್ತಿತ್ತು ಇವರಿಗೆ. ಹಾಗಾದರೆ ಸಾಹೇಬರ ಮುಂದೆ ಬಗ್ಗಿದಾಗಲೂ ಗೊತ್ತಿತ್ತು.

"ಮೇಷ್ಟ್ರೇ, ನಾನೊಂದು ಮಾತು ಹೇಳ್ಬೇಕು."

"ಮೊದಲು ಕೂಲಿ" ಎಂದರು ಮೇಷ್ಟ್ರು. ಕಿಟಕಿಯ ಕಟ್ಟೆಯ ಮೇಲೆ ಕೈಯಾಡಿಸಿ, ಒಂದು ಕಾಗದದ ಪೊಟ್ಟಣ ಹಿಡಿದು ಅವಳ ಕಡೆ ಚಾಚಿದರು. "ತಿನ್ನು. ಇಂಟರ್ವಲ್ ಮುಗಿಯೋದ್ರೊಳಗೆ ತಿನ್ನು. ಮಾತು ಎಲ್ಲಿಗೆ ಓಡಿಹೋಗುತ್ತೆ?"

ಅಜ್ಜಿಯ ಒಂದು ಕೈಯಲ್ಲಿ ಬನ್ನು, ಇನ್ನೊಂದು ಕೈಯಲ್ಲಿ ಚೀಟಿ.

ಅವಳು ಅಂಗಡಿಗೆ ಮರಳಿದಾಗ ಸೊಸೆ ಮೆಷಿನ್ನು ನಿಲ್ಲಿಸಿ ಎದ್ದು ನಿಂತಳು. ಅತ್ತೆಯ ಕಣ್ಣು ಊದಿದ್ದನ್ನು ಅವಳು ಮಾವ ತೀರಿಕೊಂಡಾಗ ಬಿಟ್ಟರೆ ಮತ್ತೆ ನೋಡಿರಲಿಲ್ಲ. ಅಜ್ಜಿ ಸ್ಟೂಲಿನ ಮೇಲೆ ಕೂತು, ಮೊದಲ ಗುಂಡಿಯಿಂದ ಇವತ್ತು ಕೈಗೆ ಬನ್ನು ಬಂದಲ್ಲಿಯವರೆಗೆ ಹೇಳಿದಳು. ಇದೊಂದರಲ್ಲಿ ಆನೆ ಕಟ್ಟಲಿಲ್ಲ, ಲಕ್ಷ ಎನ್ನಲಿಲ್ಲ.

"ಆ ಹೆಸರು ಇಟ್ಟಿದ್ದು ನೀವಾ ಅತ್ತೆ?" ಸೊಸೆ ಕೇಳಿದಳು. "ನಾನೂ ಕರೀತಿದ್ದೆ ಅವರನ್ನ ಹಾಗೇ. ಎದುರಿಗೇ ಕರೆದಿದೀನಿ ಒಂದ್ಸಲ."

"ನೀನು ಕರೆದ ಪಾಪವೂ ನಂದೇ."

"ಹೇಳಿದ್ರಾ ಅವರಿಗೆ?"

ಅಜ್ಜಿ ಮಡಿಲಿನಿಂದ ಕಾಗದದ ಪೊಟ್ಟಣ ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟಳು. ಅರ್ಧ ಬನ್ನು ಇತ್ತು. ಚೀಟಿ ಹಿಡಿದು ಹೋಗಿದ್ದ ಅವಳ ಇನ್ನೊಂದು ಕೈ ಖಾಲಿ ಇತ್ತು.

"ಇನ್ನರ್ಧ ನಾನು ತಿಂದೆ" ಎಂದಳು. "ಹೇಳೋಕೆ ಮುಂಚೆ ತಿಂದ್ನೋ, ಹೇಳಿ ತಿಂದ್ನೋ, ಆವತ್ತಿನ ಹಾಗೆ ಹೇಳ್ದೇನೇ ತಿಂದು ಬಂದ್ನೋ? ಹದಿನೆಂಟು ವರ್ಷದಿಂದ ನನ್ನ ಜೊತೆ ಏಗ್ತಿದೀಯಲ್ಲೇ. ನೀನೇ ಹೇಳು ನೋಡೋಣ."